ನುಮಾಜಿರಿ-ಸಾನ್ ಅವರ ಹದಿನಾರು ಗ್ರೇನ್

ಜಪಾನಿನ ಕಾಶಿವಾ ಊರಿನ ಅಂಚಿನಿಂದ ಟೋನೆ ನದಿಯ ದಂಡೆಯವರೆಗಿನ ಹಕ್ಕಿಗಳೆಲ್ಲ ಎಂದೋ ಸಭೆ ಸೇರಿ ಒಂದು ಠರಾವು ಪಾಸು ಮಾಡಿದ್ದವು: ನುಮಾಜಿರಿ-ಸಾನ್ ಕನ್ನಡಕ ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದರೆ ಸಾಕು, ಯಾರೂ ಯಾರನ್ನೂ ಕಾಯದೆ ಪಕ್ಕದ ಜಿಲ್ಲೆಗೆ ಹಾರಿಬಿಡತಕ್ಕದ್ದು. ಸಾನ್ ಎಂದರೆ ಅಲ್ಲಿನ ಮರ್ಯಾದೆಯ ‘ಅವರು’. ಎಪ್ಪತ್ತೊಂಬತ್ತು ವರ್ಷದ ಈ ಅಜ್ಜಿಯ ಎತ್ತರ ನಾಲ್ಕೂವರೆ ಅಡಿ. ಭುಜದ ಮೇಲಿನ ಗಾಳಿಬಂದೂಕು ಅವರಿಗಿಂತ ಒಂದು ಗೇಣು ಉದ್ದವಿದೆಯೇನೋ ಎನಿಸುತ್ತಿತ್ತು. ದೂರದಿಂದ ನೋಡಿದವರಿಗೆ ಬಂದೂಕೇ ಅಜ್ಜಿಯನ್ನು ಕೈಹಿಡಿದು ವಾಕಿಂಗ್ ಕರೆದುಕೊಂಡು ಹೊರಟ ಹಾಗೆ ಕಾಣುತ್ತಿತ್ತು.

ಬಂದೂಕೆಂದರೆ ಮದ್ದು ತುಂಬಿ ಢಮಾರೆನ್ನಿಸುವ ಬಂದೂಕಲ್ಲ. ಒತ್ತಿ ತುಂಬಿದ ಗಾಳಿಯೇ ಅದರ ಮದ್ದು. ಗುಂಡು ಕಡಲೆಕಾಳಿನ ಗಾತ್ರದ ಸೀಸದ್ದು, ನಡು ಸಣ್ಣಗಿರುವ ಪುಟಾಣಿ ಡಮರು. ಆ ಡಮರಿನಿಂದ ಅಜ್ಜಿ ಐವತ್ತು ಮೀಟರ್ ದೂರದ ಹಿಯೋದೊರಿಯನ್ನು ಹೊಡೆಯುತ್ತಿದ್ದರು. ಹಿಯೋದೊರಿ ಎಂದರೆ ನಮ್ಮ ಪಿಕಳಾರದ ಜಪಾನಿ ದಾಯಾದಿ. ಬೂದು ಮೈ, ಕೆದರಿದ ತಲೆ, ಮಾರುಕಟ್ಟೆಗೆ ಮಾರುಕಟ್ಟೆಯೇ ಕಿವಿ ಮುಚ್ಚಿಕೊಳ್ಳುವ ಗಂಟಲು. ಚಳಿಗಾಲದಲ್ಲಿ ಒಂದು ಹಿಂಡು ಪಾಲಕ್ ಹೊಲಕ್ಕಿಳಿದರೆ ನಾರು ಬಿಟ್ಟು ಬೇರೇನನ್ನೂ ಉಳಿಸುವುದಿಲ್ಲ. ಇಪ್ಪತ್ತಾರು ವರ್ಷದಿಂದ ನದಿಯ ಕಡೆಯ ರೈತರೆಲ್ಲ ಪಾಲಕ್ ತಿನ್ನುತ್ತಿದ್ದದ್ದು ನುಮಾಜಿರಿ-ಸಾನ್ ಅವರ ದಯೆಯಿಂದ.

ಆದರೆ ಅಜ್ಜಿಗೆ ಹೆಮ್ಮೆಯಿದ್ದದ್ದು ಹೊಡೆದ ಹಕ್ಕಿಗಳ ಲೆಕ್ಕದ ಬಗ್ಗೆಯಲ್ಲ. ಅವರ ಗುಂಡಿಗೆ ಬಿದ್ದ ಯಾವ ಹಕ್ಕಿಗೂ ತಾನು ಸತ್ತಿದ್ದೇನೆಂದು ತಿಳಿಯುವಷ್ಟು ಪುರುಸೊತ್ತು ಸಿಕ್ಕಿರಲಿಲ್ಲ, ಹೆಮ್ಮೆ ಅದಕ್ಕೆ. ಲೈಸೆನ್ಸ್ ಕೈಗೆ ಬಂದ ದಿನವೇ ಅವರು ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡಿದ್ದರು: ನನ್ನಿಂದ ಒಂದು ಹಕ್ಕಿ ನರಳಿದ ದಿನ ಬಂದೂಕು ಕೆಳಗಿಡುತ್ತೇನೆ.

ಇದೆಲ್ಲ ವಸುಧಾಗೆ ಗೊತ್ತಿತ್ತು. ಅವಳೂ ಅವಳ ಗಂಡ ಚಂದ್ರಮೌಳಿಯೂ ನುಮಾಜಿರಿ-ಸಾನ್ ಅವರ ಹಿತ್ತಲ ಮನೆಯಲ್ಲಿ ಆರು ವರ್ಷದಿಂದ ಬಾಡಿಗೆಗಿದ್ದರು. ಚಂದ್ರಮೌಳಿ ಕಾಶಿವಾದ ದೊಡ್ಡ ಕ್ಯಾಂಪಸ್ಸಿನಲ್ಲಿ ಗಾಳಿಯ ಹರಿವಿನ ಬಗ್ಗೆ ಸಂಶೋಧನೆ ಮಾಡುವವನು; ಮೂಗಿನ ಮೇಲಿನ ನೊಣ ಎದ್ದು ಹೋದರೂ ಅದರ ರೆಕ್ಕೆಗೊಂದು ಸಮೀಕರಣ ಬರೆಯುವ ಪೈಕಿ. ಕೊರೋನಾ ಶುರುವಾದ ಮೇಲೆ ಕ್ಯಾಂಪಸ್ಸು ಅವನನ್ನು ಮನೆಗಟ್ಟಿತು, ಮನೆ ಹಾಸಿಗೆ ಇಡುವ ಗೂಡಿಗೆ ಅಟ್ಟಿತು. ಅಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಮೊಣಕಾಲು ಕಿವಿಗೆ ತಾಗಿಸಿ ಕೂತು ಅವನು ಜಗತ್ತಿನ ಗಾಳಿಯನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದ. ವಸುಧಾ ಬೆಂಗಳೂರಿನ ನಗರ್ತಪೇಟೆಯ ಅಕ್ಕಸಾಲಿ ಈಶ್ವರಾಚಾರರ ಒಬ್ಬಳೇ ಮಗಳು. ಮೊಟ್ಟೆಯ ಚಿತ್ರವಿದ್ದ ಕ್ಯಾಲೆಂಡರನ್ನೂ ಗೋಡೆಗೆ ಹಾಕದ ಮನೆತನ. ಅಂಥವಳಿಗೆ ಬೇಟೆಗಾರ್ತಿ ಅಜ್ಜಿಯ ಜೊತೆ ಹೇಗೆ ಗಂಟು ಬಿತ್ತು ಎಂದರೆ, ಇಬ್ಬರಿಗೂ ಕೊಳಕು ಕಂಡರಾಗದು, ಇಬ್ಬರಿಗೂ ಅರೆಬರೆ ಕೆಲಸ ಕಂಡರಾಗದು, ಅಷ್ಟೆ.

ಎರಡು ಸಾವಿರದ ಇಪ್ಪತ್ತೊಂದರ ಜನವರಿ. ಎರಡನೇ ಸಲ ತುರ್ತುಸ್ಥಿತಿ ಘೋಷಣೆಯಾಗಿ ಒಂದು ವಾರವಾಗಿತ್ತು. ಸಂಕ್ರಾಂತಿಯ ಮರುದಿನ, ಶುಕ್ರವಾರ ಬೆಳಿಗ್ಗೆ, ವಸುಧಾ ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಮುಂದಿನ ಮನೆಗೆ ಹೋದಳು. ನುಮಾಜಿರಿ-ಸಾನ್ ಮೇಜಿನ ಮುಂದೆ ಕೂತಿದ್ದರು. ಮೇಜಿನ ಮೇಲೆ ಒಂದು ಸರ್ಕಾರಿ ಫಾರಂ, ತೂತು ಬಿದ್ದ ಒಂದು ಗುರಿಕಾಗದ, ಒಂದು ದುಂಡನೆಯ ತಗಡಿನ ಡಬ್ಬಿ.

"ಸೋಮವಾರ ಹತ್ತು ಗಂಟೆಗೆ ಪೊಲೀಸ್ ಠಾಣೆಗೆ ಹೋಗ್ತೀನಿ," ಎಂದರು ಅಜ್ಜಿ, ಹವಾಮಾನ ಹೇಳುವ ದನಿಯಲ್ಲಿ. "ಬಂದೂಕು ವಾಪಸ್ ಕೊಡೋದು."

"ಅಯ್ಯೋ, ಯಾಕೆ?"

"ಕಣ್ಣು ಹೋಯ್ತು, ವಸುಧಾ-ಸಾನ್."

ಹೊಸವರ್ಷದಿಂದೀಚೆಗೆ ಗುರಿ ತಪ್ಪುತ್ತಿತ್ತಂತೆ. ಮೊದಮೊದಲು ಚಳಿ ಎಂದುಕೊಂಡರು, ಆಮೇಲೆ ಕೈಗವಸು ಎಂದುಕೊಂಡರು. ಬುಧವಾರ ಒಂದು ಹಿಯೋದೊರಿಯ ಎದೆಗೆ ಗುರಿಯಿಟ್ಟರೆ ಗುಂಡು ಹೋಗಿ ರೆಕ್ಕೆಯ ಬುಡಕ್ಕೆ ಬಡಿಯಿತು. ಹಕ್ಕಿ ಬಿದಿರಿನ ಮೆಳೆಯೊಳಗೆ ಕುಪ್ಪಳಿಸಿಕೊಂಡು ಹೋಯಿತು.

"ಹುಡುಕಿ ಮುಗಿಸೋಕೆ ಒಂದು ಗಂಟೆ ಬೇಕಾಯ್ತು," ಎಂದರು ಅಜ್ಜಿ. "ಆ ಒಂದು ಗಂಟೆ ಅದು ಕೂಗ್ತಾನೇ ಇತ್ತು. ನಿನ್ನೆ ಶೂಟಿಂಗ್ ರೇಂಜಿಗೆ ಹೋಗಿ ನನ್ನ ನಾನೇ ಪರೀಕ್ಷೆ ಮಾಡ್ಕೊಂಡೆ. ಇದು ನೋಡಿ, ನನ್ನ ಮಾರ್ಕ್ಸ್ ಕಾರ್ಡ್."

ಗುರಿಕಾಗದದ ಮೇಲೆ ಹತ್ತು ಗುಂಡಿನ ತೂತುಗಳಿದ್ದವು. ನಡುಮಧ್ಯೆ ಎರಡೋ ಮೂರೋ. ಉಳಿದವು ಮೇಲಿನಿಂದ ಕೆಳಕ್ಕೆ ಸಾಲಾಗಿ, ಅಂಗಿಯ ಗುಂಡಿಗಳ ಹಾಗೆ.

ಈ ವಯಸ್ಸಿನಲ್ಲಿ ಒಮ್ಮೆ ಬಂದೂಕು ಕೊಟ್ಟರೆ ಮತ್ತೆ ಸಿಗುವ ಮಾತಿಲ್ಲ. ಪರೀಕ್ಷೆ, ವೈದ್ಯರ ಪತ್ರ, ನೆರೆಹೊರೆಯವರ ವಿಚಾರಣೆ, ಮತ್ತೆ ಪರೀಕ್ಷೆ. ಎಪ್ಪತ್ತೊಂಬತ್ತರ ಹೆಂಗಸಿಗೆ ಹೊಸ ಲೈಸೆನ್ಸ್ ಕೊಡಿಸುವುದಕ್ಕಿಂತ ಚಂದ್ರನ ಮೇಲೆ ಬಿಡಿಎ ಸೈಟು ಮಾಡಿಸುವುದು ಸುಲಭ. ಬಂದೂಕಿಲ್ಲದ ಈ ಅಜ್ಜಿ ಮೂರೇ ದಿನದಲ್ಲಿ ನಿಜವಾಗಿಯೂ ಮುದುಕಿಯಾಗಿಬಿಡುತ್ತಾರೆ ಎಂದು ವಸುಧಾಗೆ ಅನಿಸಿತು.

"ಗುಂಡೇನಾದ್ರೂ ಬದಲಾಯಿಸಿದ್ರಾ?" ಎಂದು ಕೇಳಿದಳು, ಕೇಳಬೇಕಲ್ಲ ಎಂದು.

"ಗುಂಡು ಬದಲಾಯಿಸೋದಾ!" ಅಜ್ಜಿ ಅವಮಾನವಾದವರ ಹಾಗೆ ನೆಟ್ಟಗಾದರು. "ಗುಂಡಿನ ತೂಕ ಅಂದ್ರೆ ಚಪ್ಪಲಿಯ ಅಳತೆ ಇದ್ದ ಹಾಗೆ. ಒಂದು ಬಂದೂಕಿಗೆ ಒಂದು ತೂಕ. ಹದಿನಾಲ್ಕು ಗ್ರೇನಿಂದು ಹಗುರ, ಬೇಗ ಓಡತ್ತೆ. ಆದ್ರೆ ದಾರೀಲಿ ಗಾಳಿ ಏನು ಹೇಳಿದ್ರೂ ಕೇಳತ್ತೆ. ಹದಿನೆಂಟಿಂದು ಭಾರ, ನಿಧಾನ, ಬೇಗ ಕೆಳಗಿಳಿಯತ್ತೆ. ಆದ್ರೆ ಯಾರ ಮಾತೂ ಕೇಳಲ್ಲ, ತಾಗಿದ ಕಡೆ ಗಟ್ಟಿಯಾಗಿ ತಾಗತ್ತೆ. ನಾನು ಮೂರನ್ನೂ ತರಿಸಿ ನೋಡಿ ಹದಿನಾರು ಆರಿಸಿದೆ. ಆಮೇಲೆ ಕೊರೋನಾ ಬಂತು, ಹೊರದೇಶದ ಡಬ್ಬಿ ನಿಂತೇಹೋಯ್ತು. ಉಳಿದಿರೋದು ಇದೊಂದೇ."

ಎನ್ನುತ್ತ ಡಬ್ಬಿಯನ್ನು ಅವಳ ಮುಂದೆ ಸರಿಸಿದರು. ಮುಚ್ಚಳದ ಮೇಲೆ ದಪ್ಪಗೆ ಹದಿನಾರು ಎಂದಿತ್ತು.

ವಸುಧಾ ಡಬ್ಬಿ ನೋಡಿದಳು. ಡಬ್ಬಿ ವಸುಧಾಳನ್ನು ನೋಡಿತು. ಇಬ್ಬರಿಗೂ ಗುರುತು ಹತ್ತಿತು.

ಡಿಸೆಂಬರ್ ಕೊನೆಯ ವಾರ ಜಪಾನಿನಲ್ಲಿ ಮನೆಮನೆಯೂ ವರ್ಷದ ದೊಡ್ಡ ಕ್ಲೀನಿಂಗ್ ಮಾಡುತ್ತದೆ. ಆ ಹೊತ್ತಿಗೆ ಅಜ್ಜಿಗೆ ಸೊಂಟ ಹಿಡಿದಿತ್ತು. ಉಗ್ರಾಣ ಗುಡಿಸುವುದು ತನ್ನ ಪಾಲಿಗಿರಲಿ ಎಂದು ವಸುಧಾ ಸೆರಗು, ಅಂದರೆ ಏಪ್ರನ್ನು, ಬಿಗಿದು ನಿಂತಿದ್ದಳು. ಬಂದೂಕು ಉಕ್ಕಿನ ಬೀರುವಿನಲ್ಲಿ ಬೀಗದೊಳಗಿತ್ತು. ಅದನ್ನು ಬೇರೆಯವರು ಮುಟ್ಟುವಂತೆಯೇ ಇಲ್ಲ. ಆದರೆ ಗುಂಡಿನ ಡಬ್ಬಿಗಳು ಗೂಡಿನ ಮೇಲಿದ್ದವು. ಮೂರು ಡಬ್ಬಿ, ಮೂರರಲ್ಲೂ ಅರೆಬರೆ. ಮುಚ್ಚಳದ ಅಂಕಿಯ ಕಡೆ ಅವಳು ನೋಡಲೇ ಇಲ್ಲ. ಒಂದೇ ಗಾತ್ರದ, ಒಂದೇ ಬಣ್ಣದ ಪುಟಾಣಿ ಡಮರುಗಳು.

ಬೆಂಗಳೂರಿನ ಅಡುಗೆಮನೆಯಲ್ಲಿ ಬೆಳೆದ ಹೆಣ್ಣುಮಗಳ ಎದುರಿಗೆ ಒಂದೇ ಸಾಮಾನಿನ ಮೂರು ಅರೆಬರೆ ಡಬ್ಬಿ ಇಟ್ಟು ಕೈ ಕಟ್ಟಿಕೊಂಡಿರು ಎನ್ನುವುದು ಬೆಕ್ಕಿನ ಮುಂದೆ ಹಾಲಿಟ್ಟು ಧ್ಯಾನ ಮಾಡು ಎಂದ ಹಾಗೆ. ವಸುಧಾ ಮೂರನ್ನೂ ಸುರಿದು ಒಂದು ಮಾಡಿದಳು. ಸಂತೆಯಲ್ಲಿ ತೊಗರಿಬೇಳೆ ಅಳೆಯುವವರ ಹಾಗೆ ಡಬ್ಬಿಯನ್ನು ಎರಡು ಸಲ ನೆಲಕ್ಕೆ ಕುಟ್ಟಿ ಮಟ್ಟ ಮಾಡಿದಳು. ಖಾಲಿಯಾದ ಎರಡನ್ನು ಅಜ್ಜಿಯ ಅನುಮತಿ ಪಡೆದೇ ಮನೆಗೆ ತಂದಳು. ಸೀಸ ಇದ್ದ ಡಬ್ಬಿ ಅಡುಗೆಗೆ ಬೇಡವೆಂದು ಅಕ್ಕಸಾಲಿಯ ಮಗಳಿಗೆ ಗೊತ್ತು. ಒಂದರಲ್ಲಿ ಪಿನ್ನು, ಒಂದರಲ್ಲಿ ಗುಂಡಿ ಹಾಕಿಟ್ಟಿದ್ದಳು. ಖಾಲಿ ಡಬ್ಬಿ ಎಂದು ಅಜ್ಜಿ ಕೊಟ್ಟರು. ಅದು ಹೇಗೆ ಖಾಲಿಯಾಯಿತೆಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ.

ಅವಳು ಎಳ್ಳುಬೆಲ್ಲವನ್ನು ಮೇಜಿನ ಮೇಲಿಟ್ಟು, ಗುರಿಕಾಗದದ ಒಂದು ಫೋಟೋ ಹೊಡೆದುಕೊಂಡು, ಸುಮಿಮಾಸೆನ್ ಸುಮಿಮಾಸೆನ್, ಅಂದರೆ ಕ್ಷಮಿಸಿ ಕ್ಷಮಿಸಿ, ಎನ್ನುತ್ತ ಹಿತ್ತಲಿಗೆ ಓಡಿದ ವೇಗಕ್ಕೆ ದಾರಿಯ ಮಂಜು ಕರಗಿತು.

"ರೀ, ಹೊರಗೆ ಬನ್ನಿ! ಕೊಲೆ ಆಗಿದೆ!"

ಗೂಡಿನಿಂದ ಚಂದ್ರಮೌಳಿಯ ತಲೆ ಹೊರಬಂತು. "ಮೀಟಿಂಗ್ ಅಲ್ಲಿದೀನಿ, ಮ್ಯೂಟ್ ಮಾಡ್ತೀನಿ ಇರು. ಯಾರ ಕೊಲೆ?"

"ಒಂದು ಪಿಕಳಾರದ್ದು. ಮಾಡಿದ್ದು ನಾನು. ಈ ಫೋಟೋ ನೋಡಿ, ಏನನ್ನಿಸತ್ತೆ ಹೇಳಿ."

ಅವನು ಫೋಟೋ ದೊಡ್ಡದು ಮಾಡಿ ನೋಡಿದ. ಕಣ್ಣು ಅರಳಿತು. "ವಸು, ಇದು ತುಂಬಾ ಇಂಟರೆಸ್ಟಿಂಗ್. ಎಡಕ್ಕೆ ಬಲಕ್ಕೆ ಏನೂ ಹೋಗಿಲ್ಲ ನೋಡು. ಕಣ್ಣು ಮಂಜಾಗಿದ್ರೆ, ಕೈ ನಡುಗಿದ್ರೆ, ಸುತ್ತಲೂ ಚೆಲ್ಲಾಪಿಲ್ಲಿ ಆಗ್ಬೇಕು. ಇಲ್ಲಿ ಬರೀ ಮೇಲೆ ಕೆಳಗೆ. ಹೊಡೆದೋರ ಕೈ ಕಲ್ಲಿನ ಥರ ಇದೆ."

"ಗುಂಡಿನ ತೂಕ ಬೇರೆ ಬೇರೆ ಆದ್ರೆ?"

"ಹಾಂ, ಅದೇ! ಹಗುರದ್ದು ಮೇಲೆ ತಾಗತ್ತೆ, ಭಾರದ್ದು ಕೆಳಗೆ. ಆದ್ರೆ ಯಾವ ದಡ್ಡ ಬೇರೆ ಬೇರೆ ತೂಕದ್ದು ಒಂದೇ ಡಬ್ಬೀಲಿ ಮಿಕ್ಸ್ ಮಾಡ್ತಾನೆ?"

ವಸುಧಾ ಮೆಲ್ಲಗೆ ಕೈ ಎತ್ತಿದಳು. ಚಂದ್ರಮೌಳಿ ನಕ್ಕ ನಗೆಗೆ ಗೂಡಿನ ಬಾಗಿಲು ಕಳಚಿ ಬಂತು. ಮ್ಯೂಟ್ ಮಾಡಲು ಮರೆತಿದ್ದರಿಂದ ಕ್ಯೋಟೋದಲ್ಲಿದ್ದ ಇಬ್ಬರು ಪ್ರೊಫೆಸರುಗಳು ಗಾಬರಿಯಾದರು.

"ನಗ್ಬೇಡಿ ರೀ! ಸೋಮವಾರ ಅವ್ರು ಬಂದೂಕು ಕೊಟ್ಟುಬಿಡ್ತಾರೆ!"

"ಹೋಗಿ ಹೇಳ್ಬಿಡು ಮತ್ತೆ. ಅದಕ್ಕೇನು?"

ಹೇಳಿದಳು. ಅರ್ಧ ಗಂಟೆಯೊಳಗೆ ಹೋಗಿ, ಮಂಡಿಯೂರಿ ಕೂತು, ಆರು ವರ್ಷ ಕೂಡಿಟ್ಟ ಅಡುಗೆಮನೆ ಜಪಾನಿಯನ್ನೆಲ್ಲ ಖರ್ಚು ಮಾಡಿ ಹೇಳಿದಳು. ತಪ್ಪು ನನ್ನದು, ನಾನೇ ಬೆರೆಸಿದ್ದು, ನಿಮ್ಮ ಕಣ್ಣು ಚೆನ್ನಾಗಿದೆ. ನುಮಾಜಿರಿ-ಸಾನ್ ತಲೆ ಓರೆ ಮಾಡಿ, ಬಹಳ ಅಕ್ಕರೆಯಿಂದ ಕೇಳಿಸಿಕೊಂಡರು. ಕೊನೆಗೆ ಅವಳ ಕೈ ತಟ್ಟಿದರು.

"ವಸುಧಾ-ಸಾನ್, ಎಷ್ಟು ಒಳ್ಳೆಯ ಮನಸ್ಸು ನಿಮ್ದು! ಮುದುಕಿಗೆ ಬೇಜಾರಾಗ್ಬಾರ್ದು ಅಂತ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದೀರಿ. ಅರಿಗಾತೋ, ಥ್ಯಾಂಕ್ಸ್."

"ಇಲ್ಲ ಇಲ್ಲ, ನಿಜವಾಗ್ಲೂ ನಂದೇ ತಪ್ಪು!"

"ನೋಡಿ, ಮತ್ತೆ ಅದೇ! ಹೋದ ತಿಂಗಳು ಮಳೆ ಬಂದಾಗಲೂ ನೀವೇ ಸುಮಿಮಾಸೆನ್ ಅಂದ್ರಿ."

ಇದು ನಿಜ. ಆರು ವರ್ಷದಲ್ಲಿ ವಸುಧಾ ಬಾಗಿಲಿಗೆ, ಬಸ್ಸಿಗೆ, ಕೊಂಬಿನಿ ಎಂಬ ಮೂಲೆಯಂಗಡಿಯವನಿಗೆ, ಒಮ್ಮೆ ಹೂಕುಂಡಕ್ಕೂ ಸುಮಿಮಾಸೆನ್ ಎಂದಿದ್ದಳು. ದಿನಕ್ಕೆ ನೂರು ಕ್ಷಮೆ ಕೇಳಿ ಕೇಳಿ, ನಿಜಕ್ಕೂ ಒಂದು ಕ್ಷಮೆ ಬೇಕಾದ ದಿನ ಅವಳ ಕ್ಷಮೆಗೆ ಕಿಮ್ಮತ್ತೇ ಇಲ್ಲವಾಗಿತ್ತು. ಸಾಕ್ಷಿ ಬೇಕು. ಅವಳು ಮನೆಗೆ ಹಾರಿ ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದಳು. ಡಬ್ಬಿಯಿಂದ ಒಂದು ಗುಂಡು ತೆಗೆದಿಟ್ಟಳು. ಒಂದು ಗ್ರಾಂ. ಇನ್ನೊಂದು ಇಟ್ಟಳು. ಒಂದು ಗ್ರಾಂ. ಇಪ್ಪತ್ತು ಗುಂಡು ತೂಗಿದಳು. ಇಪ್ಪತ್ತೂ ಒಂದೊಂದೇ ಗ್ರಾಂ. ಒಂದು ಗ್ರೇನ್ ಎಂದರೆ ಗ್ರಾಮಿನ ಹದಿನೈದರಲ್ಲೊಂದು ಪಾಲು; ಗ್ರಾಮಿಗಿಂತ ಕಡಿಮೆ ಲೆಕ್ಕ ಆ ತಕ್ಕಡಿಗೆ ಬರುತ್ತಲೇ ಇರಲಿಲ್ಲ.

"ಎಲ್ಲ ಒಂದೇ," ಎಂದರು ಅಜ್ಜಿ ಮೃದುವಾಗಿ, ಮತ್ತು ಫಾರಮ್ಮನ್ನು ಹತ್ತಿರ ಎಳೆದುಕೊಂಡು ತಮ್ಮ ಹೆಸರು ಬರೆಯತೊಡಗಿದರು.

ಬಂದೂಕಿನ ಅಂಗಡಿಗೆ ಫೋನ್ ಮಾಡಿದರೆ ತುರ್ತುಸ್ಥಿತಿ ಮುಗಿಯುವವರೆಗೆ ಬಾಗಿಲು ಮುಚ್ಚಿದೆಯೆಂದು ಟೇಪು ಹೇಳಿತು. ಕ್ಯಾಂಪಸ್ಸಿನ ಲ್ಯಾಬಿನಲ್ಲಿ ಸೊಳ್ಳೆಯ ನಿಟ್ಟುಸಿರನ್ನೂ ತೂಗುವ ಯಂತ್ರವಿತ್ತು, ಆದರೆ ಒಳಗೆ ಹೋಗಲು ಎರಡು ವಾರ ಮುಂಚೆ ಅರ್ಜಿ ಹಾಕಬೇಕು. ಆ ರಾತ್ರಿ ವಸುಧಾ ಅನ್ನಕ್ಕೆ ಉಪ್ಪು ಹಾಕಿ ಸಾರಿಗೆ ಮರೆತಳು. ಶನಿವಾರ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವಾಗ ಕೈ ಅರ್ಧಕ್ಕೇ ನಿಂತಿತು. ದೇವರ ಪಕ್ಕದಲ್ಲಿ, ಆಯುಧಪೂಜೆಯ ಕುಂಕುಮ ಇನ್ನೂ ಮಾಸದೆ, ಅಂಗೈಯಗಲದ ಒಂದು ತೇಗದ ಪೆಟ್ಟಿಗೆ ಕೂತಿತ್ತು.

ಚಿನ್ನ ತೂಗುವ ತಕ್ಕಡಿ. ಮದುವೆಯಾಗಿ ಜಪಾನಿಗೆ ಹೊರಟಾಗ ಅಪ್ಪ ಕೊಟ್ಟದ್ದು. ಹಿತ್ತಾಳೆಯ ದಂಡಿಗೆ, ರೇಷ್ಮೆ ದಾರ, ಕಾಸಿನಗಲದ ಎರಡು ತಟ್ಟೆ, ತೂಕಕ್ಕಿಡಲು ಒಂದು ಹಿಡಿ ಕೆಂಪು ಗುಲಗಂಜಿ ಬೀಜ. ಈಶ್ವರಾಚಾರರು ಈ ತಕ್ಕಡಿಯಲ್ಲಿ ಗಿರಾಕಿಯ ಉಂಗುರ ತೂಗಿ, ಅದರ ಮೇಲಿನ ಬೆರಳಚ್ಚಿನ ತೂಕವನ್ನು ಕಳೆದು ಹೇಳುತ್ತಿದ್ದರೆಂದು ನಗರ್ತಪೇಟೆಯಲ್ಲಿ ಪ್ರತೀತಿ. ವಸುಧಾ ಆರು ವರ್ಷ ಅದಕ್ಕೆ ಹೂ ಏರಿಸಿದ್ದಳೇ ಹೊರತು ಒಂದು ಸಲವೂ ತೂಗಿರಲಿಲ್ಲ.

ವೀಡಿಯೋ ಕಾಲಿನಲ್ಲಿ ಅಪ್ಪ ಹಲ್ಲುಜ್ಜುತ್ತ ಬಂದರು. ಬೆಂಗಳೂರಿನಲ್ಲಿ ಇನ್ನೂ ಬೆಳಕು ಹರಿಯುತ್ತಿತ್ತು.

"ಅಪ್ಪ, ತಕ್ಕಡಿ ಹಿಡಿಯೋದು ಇನ್ನೊಂದ್ಸಲ ಹೇಳ್ಕೊಡಿ. ಅರ್ಜೆಂಟು."

"ಏನ್ ಪುಟ್ಟಿ, ಚಿನ್ನ ತಗೊಂಡ್ರಾ?" ಅಪ್ಪನ ಮುಖ ಅರಳಿತು.

"ಇಲ್ಲಪ್ಪ. ಸೀಸ. ಬಂದೂಕಿನ ಗುಂಡು."

ಅಪ್ಪ ಬ್ರಷ್ಷು ಬಾಯಿಂದ ತೆಗೆದರು. "ಅಳಿಯಂದ್ರು ಚೆನ್ನಾಗಿದಾರಾ?"

"ಚೆನ್ನಾಗಿದಾರೆ! ಗುಂಡು ಪಕ್ಕದ್ಮನೆ ಅಜ್ಜೀದು. ಆಮೇಲೆ ಎಲ್ಲ ಹೇಳ್ತೀನಿ."

"ಅಜ್ಜೀದು," ಎಂದರು ಅಪ್ಪ. ಜಪಾನಿನ ಬಗ್ಗೆ ಅವರಿಗಿದ್ದ ಗೌರವ ಇನ್ನಷ್ಟು ಏರಿತು. "ಸರಿ ಕೇಳು. ಹೀಟರ್ ಫ್ಯಾನು ಏನಿದ್ರೂ ಆಫ್ ಮಾಡು. ದಂಡಿಗೆ ಎಡಗೈಲಿ, ಕಿರುಬೆರಳು ಮೇಜಿಗೆ ಊರಿರ್ಬೇಕು. ಮುಳ್ಳು ನೋಡ್ಬೇಡ, ತಟ್ಟೆ ನೋಡ್ಬೇಡ, ದಾರ ನೋಡು. ಎಲ್ಲಕ್ಕಿಂತ ಮುಖ್ಯ, ಉಸಿರು ಬಿಡ್ಬೇಡ. ನಾವು ಉಸಿರು ಹಿಡ್ದೂ ಹಿಡ್ದೂ ಮುದುಕರಾದ್ವಿ. ನಿಂಗೇನಮ್ಮ, ಮಾಸ್ಕ್ ಹಾಕ್ಕೊಂಡ್ರೆ ಆಯ್ತು."

ಶನಿವಾರ ಹತ್ತು ಗಂಟೆಗೆ ವಸುಧಾ ಅಜ್ಜಿಯ ಮೇಜಿನ ಮೇಲೆ ತಕ್ಕಡಿ ಎತ್ತಿದಳು. ಹೀಟರ್ ಆರಿಸಿದ್ದರಿಂದ ಕೋಣೆ ಹಿಮಾಲಯವಾಗಿತ್ತು. ಚಂದ್ರಮೌಳಿ ಕಂಬಳಿ ಹೊದ್ದು ಮೂಲೆಯಲ್ಲಿ ಕೂತಿದ್ದ. ಅವನು ಸೀನಬಾರದೆಂದು ಷರತ್ತಾಗಿತ್ತು. ಮೂವರ ಮುಖಕ್ಕೂ ಮಾಸ್ಕು.

ಮೊದಲ ಗುಂಡು ಎಂಟೂವರೆ ಗುಲಗಂಜಿ ತೂಗಿತು. ಅರ್ಧ ಎಂದರೆ ಅರ್ಧ ಗುಲಗಂಜಿಯ ತೂಕದ ತಾಮ್ರದ ಚೂರು. ಅದನ್ನೂ ಅಪ್ಪ ಪೆಟ್ಟಿಗೆಯಲ್ಲಿಟ್ಟಿದ್ದರು. ಎರಡನೆಯ ಗುಂಡು ಇಟ್ಟಾಗ ತಟ್ಟೆ ಕೆಳಗಿಳಿದು ಕೂತಿತು. ಇನ್ನೂ ಒಂದು ಗುಲಗಂಜಿ ಹಾಕಿದ ಮೇಲೆ, ಸ್ವಲ್ಪ ಯೋಚಿಸಿ, ಏಳಲೋ ಬೇಡವೋ ಎಂಬಂತೆ ಎದ್ದಿತು. ಮೂರನೆಯ ಗುಂಡಿಗೆ ಗುಲಗಂಜಿಯ ತಟ್ಟೆಯೇ ದಡಕ್ಕನೆ ಇಳಿಯಿತು. ಎರಡು ತೆಗೆದಳು. ಏಳೂವರೆ.

ನುಮಾಜಿರಿ-ಸಾನ್ ಕನ್ನಡಕವನ್ನು ಹಣೆಗೇರಿಸಿ ಮುಂದಕ್ಕೆ ಬಾಗಿದರು. ಕೈ ಚಾಚಿ ಮೂರು ಚಹಾ ಬಟ್ಟಲುಗಳನ್ನು ಸಾಲಾಗಿ ಇಟ್ಟರು.

ಇನ್ನೂರ ಹನ್ನೆರಡು ಗುಂಡು. ಮಧ್ಯಾಹ್ನದ ಊಟ ಹೋಯಿತು, ಎರಡು ಸಲದ ಚಹಾ ಹೋಯಿತು, ವಸುಧಾಳ ಎಡಗೈ ತನ್ನದಲ್ಲದ ಹಾಗೆ ಆಗಿಹೋಯಿತು. ನೂರು ದಾಟುವಷ್ಟರಲ್ಲಿ ಅವಳ ಕಣ್ಣು ದಾರದ ಸಣ್ಣ ಬಾಗನ್ನೇ ನೋಡಿ ಬಟ್ಟಲು ಹೇಳತೊಡಗಿತ್ತು. ನೂರೈವತ್ತಕ್ಕೆ ಚಂದ್ರಮೌಳಿಗೆ ಸೀನು ಬಂತು. ಅವನು ಅಂಗಳಕ್ಕೆ ಓಡಿ, ಬೇಲಿ ದಾಟಿ, ಪಕ್ಕದ ಮನೆಯ ಹೊಲದಲ್ಲಿ ಸೀನಿ ಬಂದ. ಕೊನೆಗೆ ಹಗುರದ್ದು ಐವತ್ತೊಂದು, ನಡುವಿನದು ನಲವತ್ತು, ಭಾರದ್ದು ನೂರ ಇಪ್ಪತ್ತೊಂದು.

"ತೂಕ ಬೇರೆ," ಎಂದರು ಅಜ್ಜಿ. ಮೂರು ಬಟ್ಟಲನ್ನೂ ಬಹಳ ಹೊತ್ತು ನೋಡಿದರು. "ಒಪ್ಪಿದೆ. ನೀವು ನಿಜವಾಗಲೂ ಬೆರೆಸಿದ್ರಿ."

"ಸುಮಿಮಾಸೆನ್," ಎಂದಳು ವಸುಧಾ. ಈ ಸಲ ಅಜ್ಜಿ ಅದನ್ನು ತೆಗೆದುಕೊಂಡರು. ಸರಿಯಾಗಿ ತಲೆ ಬಾಗಿಸಿ, ಸಿಟ್ಟನ್ನೂ ಸ್ವಲ್ಪ ಮುಖದಲ್ಲಿ ತೋರಿಸಿ ತೆಗೆದುಕೊಂಡರು. ಆರು ವರ್ಷದಲ್ಲಿ ಆ ಮನೆಯಲ್ಲಿ ವಸುಧಾಳ ಮೇಲೆ ಯಾರಾದರೂ ಸಿಟ್ಟಾದದ್ದು ಅದೇ ಮೊದಲು. ಅವಳಿಗೆ ಹಾಯೆನಿಸಿತು.

"ಆದ್ರೆ," ಎಂದರು ಅಜ್ಜಿ, "ಡಬ್ಬಿ ತಪ್ಪು ಅಂದ ಮಾತ್ರಕ್ಕೆ ಕಣ್ಣು ಸರಿ ಅಂತ ಆಗಲ್ಲ. ಎರಡೂ ಹೋಗಿರಬಹುದಲ್ಲ? ನಾಳೆ ಭಾನುವಾರ ರೇಂಜಿಗೆ ಹೋಗೋಣ. ಅಲ್ಲೂ ಹಾಗೇ ಆದ್ರೆ ಸೋಮವಾರ ಹತ್ತು ಗಂಟೆ ಇದ್ದೇ ಇದೆ."

ಭಾನುವಾರ ಅಜ್ಜಿಯ ಪುಟ್ಟ ಟ್ರಕ್ಕಿನಲ್ಲಿ ಇಬ್ಬರೇ ಹೊರಟರು. ಮೂರನೆಯವರಿಗೆ ಅದರಲ್ಲಿ ಜಾಗವಿಲ್ಲ. ಸೋಂಕು ಕೂರಬಾರದೆಂದು ಕಿಟಕಿಯೆರಡನ್ನೂ ಪೂರ್ತಿ ಇಳಿಸಿ ಜನವರಿಯ ಗಾಳಿಯಲ್ಲಿ ಮುಕ್ಕಾಲು ಗಂಟೆ ಪ್ರಯಾಣ. ರೇಂಜು ಮುಟ್ಟುವ ಹೊತ್ತಿಗೆ ವಸುಧಾಳ ಹುಬ್ಬು ಗಡುಸಾಗಿತ್ತು. ಗೇಟಿನಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದವನು ಎರಡು ಸಲ ನೋಡಿದ. ಇಷ್ಟು ತಣ್ಣಗಿನ ಮನುಷ್ಯರು ಬದುಕಿರುವುದು ಅವನಿಗೆ ಹೊಸದು.

ಒಳಗೆ ಒಂದು ಬಿಟ್ಟು ಒಂದು ಸಾಲು ಮುಚ್ಚಿದ್ದರು. ಐವತ್ತು ಮೀಟರಿನಾಚೆ ಗುರಿಕಾಗದ ಅಂಚೆಚೀಟಿಯಷ್ಟು ಕಾಣುತ್ತಿತ್ತು. ವಸುಧಾ ಹಳದಿ ಗೆರೆಯ ಹಿಂದೆ ಕುರ್ಚಿಯಲ್ಲಿ ಕೂತಳು. ಕೈಯಲ್ಲಿ ದುರ್ಬೀನು, ಮಡಿಲಲ್ಲಿ ಕಾಗದ ಸುತ್ತಿದ ಮೂರು ಬಟ್ಟಲು.

"ಯಾವುದು ಮೊದಲು?" ಎಂದಳು.

"ಹಗುರದ್ದು ಕೊಡಿ. ಒಳ್ಳೇದನ್ನ ಕೊನೆಗೆ ಇಟ್ಕೊಳ್ಳೋಣ."

ಅಜ್ಜಿ ಮರಳಿನ ಚೀಲದ ಮೇಲೆ ಬಂದೂಕು ಒರಗಿಸಿ, ಅದರೊಳಗೆ ಕರಗಿದ ಹಾಗೆ ಅಲುಗಾಡದೆ ಕೂತರು. ಟಪ್ ಎಂದು, ಬಾಟಲಿಯ ಬಿರಡೆ ತೆಗೆದಂಥ ಶಬ್ದ. ವಸುಧಾ ದುರ್ಬೀನಿನಲ್ಲಿ ನೋಡಿದಳು. ಕೆಂಪು ಬೊಟ್ಟಿನ ಹತ್ತಿರ ಏನೂ ಇಲ್ಲ. ನಾಲ್ಕು ಬೆರಳು ಮೇಲೆ ಒಂದು ಕಪ್ಪು ತೂತು.

ಹಗುರದ್ದು ಮೇಲೆ ತಾಗುವುದೇ, ಆದರೆ ಇಷ್ಟು ಮೇಲೆಯೇ? ಇನ್ನೂರ ಹನ್ನೆರಡು ಗುಂಡು ತೂಗಿದ್ದು, ಅಷ್ಟು ಉಸಿರು ಹಿಡಿದದ್ದು ಎಲ್ಲ ಇದಕ್ಕೇ ಏನು? ಅಜ್ಜಿಗೆ ಹೇಳಬೇಕಾಗಿರಲಿಲ್ಲ, ಅವರೂ ಬಂದೂಕಿನ ಮೇಲಿನ ದೂರದರ್ಶಕದಲ್ಲಿ ನೋಡಿದ್ದರು. ಅವರ ಭುಜ ಒಂದು ಎಳೆಯಷ್ಟು ಕುಸಿಯಿತು. ಆದರೂ ಎರಡನೆಯದನ್ನು ತುಂಬಿದರು.

ಟಪ್.

ದುರ್ಬೀನಿನಲ್ಲಿ ಹೊಸ ತೂತು ಕಾಣಲಿಲ್ಲ. ಕಾಗದಕ್ಕೇ ತಾಗಲಿಲ್ಲವೇ? ಟಪ್. ಮತ್ತೂ ಕಾಣಲಿಲ್ಲ. ಟಪ್. ವಸುಧಾ ಮಾಸ್ಕಿನ ಬಿಸಿಯುಸಿರಿಗೆ ಮಂಜಾಗಿದ್ದ ದುರ್ಬೀನನ್ನು ಒರೆಸಿ ಕಣ್ಣಿಗೆ ಒತ್ತಿಕೊಂಡಳು. ಮೇಲಿದ್ದ ಆ ಒಂದೇ ತೂತು ಈಗ ಹುಣಸೆಬೀಜದಷ್ಟು ಅಗಲವಾಗಿತ್ತು.

"ನುಮಾಜಿರಿ-ಸಾನ್," ಎಂದಳು, "ನಾಲ್ಕೂ ಒಂದೇ ತೂತಲ್ಲಿದೆ."

ಅಜ್ಜಿ ಕೈ ಹಿಂದಕ್ಕೆ ಚಾಚಿದರು. ವಸುಧಾ ಎರಡನೆಯ ಬಟ್ಟಲನ್ನು ಗೆರೆಯ ಮೇಲೆ ಜಾರಿಸಿದಳು. ಹದಿನಾರು ಗ್ರೇನಿನ ನಾಲ್ಕು ಗುಂಡೂ ಕೆಂಪು ಬೊಟ್ಟನ್ನೇ ಕಿತ್ತುಹಾಕಿದವು. ಮೂರನೆಯ ಬಟ್ಟಲಿನ ನಾಲ್ಕು ಗುಂಡು ನಾಲ್ಕು ಬೆರಳು ಕೆಳಗೆ, ಒಂದರ ಬೆನ್ನಿಗೆ ಒಂದು ಅಂಟಿಕೊಂಡು ಹೋದವು. ಕಾಗದ ವಾಪಸ್ಸು ಬಂದಾಗ ಅದರ ಮೇಲೆ ಮೇಲೊಂದು, ನಡುವೊಂದು, ಕೆಳಗೊಂದು ಗುಂಡನೆಯ ತೂತು, ಹಡ್ಸನ್ ಸರ್ಕಲ್ಲಿನ ಸಿಗ್ನಲ್ ದೀಪ ನಿಂತ ಹಾಗೆ.

ನುಮಾಜಿರಿ-ಸಾನ್ ಕಾಗದವನ್ನು ಬೆಳಕಿಗೆ ಹಿಡಿದರು. ತಿರುಗಿಸಿ ಹಿಡಿದರು. ಆಮೇಲೆ ಒಂದು ಉಸಿರು ಬಿಟ್ಟರು. ಬುಧವಾರದಿಂದ ಒಳಗೇ ಇದ್ದ ಉಸಿರು ಅದು. ಪಕ್ಕದ ಸಾಲಿನವನ ಟೋಪಿ ಹಾರಿತೆಂದು ವಸುಧಾ ಇಂದಿಗೂ ಆಣೆ ಮಾಡುತ್ತಾಳೆ. ಬಳಿಕ ಅಜ್ಜಿ ನಗತೊಡಗಿದರು. ಮಾಸ್ಕಿನೊಳಗೆ ನಗುತ್ತಾ ನಗುತ್ತಾ ಕನ್ನಡಕ ಒದ್ದೆಯಾಯಿತು. ಅವರು ಅದನ್ನು ಒರೆಸಲಿಲ್ಲ.

"ತಪ್ಪು ತೂಕದಲ್ಲೂ ಪ್ರತಿ ಸಲ ಒಂದೇ ತಪ್ಪು ಮಾಡಿದೀನಿ," ಎಂದರು. "ಆ ಹಕ್ಕಿ ನರಳಿದ್ದು ನನ್ನ ಕಣ್ಣಿಂದಲ್ಲ. ಕಣ್ಣು ಇದೆ, ವಸುಧಾ-ಸಾನ್. ಇದೆ!"

ವಸುಧಾ ಅಳಬಾರದೆಂದು ಬಹಳ ಪ್ರಯತ್ನಪಟ್ಟಳು. ಅತ್ತಳು. ಹತ್ತಿರ ಬಂದು ತಬ್ಬಿಕೊಳ್ಳುವಂತಿಲ್ಲದ ಕಾಲ. ಇಬ್ಬರೂ ಹಳದಿ ಗೆರೆಯ ಆಚೆಗೊಬ್ಬರು ಈಚೆಗೊಬ್ಬರು ನಿಂತು, ಒಬ್ಬರಿಗೊಬ್ಬರು ಹನ್ನೊಂದು ಸಲ ಬಾಗಿದರು.

ಅತ್ತು ಮುಗಿದ ಮೇಲೆ ಕೆಲಸದ ಮಾತು ಬಂತು. ನಡುವಿನ ಬಟ್ಟಲಲ್ಲಿ ಉಳಿದದ್ದು ಮೂವತ್ತಾರೇ. ಬೇಟೆಯ ಕಾಲ ಮುಗಿಯಲು ಇನ್ನೂ ಒಂದು ತಿಂಗಳಿತ್ತು. ಹೊಸ ಡಬ್ಬಿ ಎಂದು ಬರುವುದೋ ದೇವರಿಗೇ ಗೊತ್ತು.

"ಹಗುರದ್ದು ಬೇಡ," ಎಂದಳು ವಸುಧಾ, ತಾನೇ ಬೆಚ್ಚಿಬೀಳುವಷ್ಟು ಗಟ್ಟಿಯಾಗಿ. "ನದಿ ಕಡೆ ಗಾಳಿ ಜಾಸ್ತಿ. ಭಾರದ್ದು ನೂರಾ ಹದಿನೇಳಿದೆ. ಗಾಳಿ ಮಾತು ಕೇಳಲ್ಲ ಅಂದ್ರಲ್ಲ ನೀವೇ. ತಾಗಿದ್ರೆ ಗಟ್ಟಿಯಾಗಿ ತಾಗತ್ತೆ. ಹಕ್ಕಿ ನರಳಲ್ಲ."

"ಸಸ್ಯಾಹಾರಿಗಳು ಚೆನ್ನಾಗಿ ಯೋಚನೆ ಮಾಡ್ತೀರಿ," ಎಂದರು ಅಜ್ಜಿ. ದೂರದರ್ಶಕದ ತಿರುಪನ್ನು ಕಟ್ ಕಟ್ ಎಂದು ತಿರುಗಿಸತೊಡಗಿದರು. ಮೂರು ಗುಂಡು ಹೊಡೆದು ನೋಡಿದರು, ಮತ್ತೆ ಎರಡು ಕಟ್ ತಿರುಗಿಸಿದರು. ಆಮೇಲೆ ಹದಿನೆಂಟು ಗ್ರೇನು ಹೋಗಿ ನಡುಮಧ್ಯೆ ಕೂತಿತು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನುಮಾಜಿರಿ-ಸಾನ್ ವಸುಧಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಠಾಣೆಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು.

"ಹತ್ತು ಗಂಟೆಗೆ ಬರಬೇಕಿತ್ತು. ಬರೋದಿಲ್ಲ. ಸುಮಿಮಾಸೆನ್."

ಆಚೆ ಒಬ್ಬ ತರುಣ ಅಧಿಕಾರಿ ಬಹಳ ಮರ್ಯಾದೆಯಿಂದ, ಬರದೇ ಇರಲು ಕಾರಣ ಬರೆದುಕೊಳ್ಳಬೇಕಾಗುತ್ತದೆ ಎಂದ. ಬಂದೂಕು ವಾಪಸ್ ಕೊಡಲು ಸಮಯ ಗೊತ್ತುಮಾಡುವಾಗ ಕಣ್ಣು ಮಂದವಾಗಿದೆ ಎಂದು ಹೇಳಿದ್ದಿರಲ್ಲ? ಈಗ ಏನಂತ ಬರೆಯಲಿ?

ಅಜ್ಜಿ ಕನ್ನಡಕವನ್ನು ಮೂಗಿಗೇರಿಸಿದರು. "ನಿನ್ನೆಯಿಂದ ಚೆನ್ನಾಗಿ ಕಾಣ್ತಿದೆ ಅಂತ ಬರೀರಿ."

ಪೆನ್ನಿನ ಸದ್ದು ಕೇಳಿಸಿತು. ನಂತರ ಅಧಿಕಾರಿ ಗಂಟಲು ಸರಿಮಾಡಿಕೊಂಡು, ದನಿ ಸ್ವಲ್ಪ ತಗ್ಗಿಸಿ, ಇದನ್ನು ಬರೆದುಕೊಳ್ಳುವುದಿಲ್ಲ, ಆದರೆ ನದಿಯ ಕಡೆ ತನ್ನ ಮಾವನ ಹೂಕೋಸಿನ ಹೊಲವೂ ಇದೆ, ವಿಷಯ ತಿಳಿದರೆ ಅವರಿಗೆ ಬಹಳ ಸಮಾಧಾನವಾಗುತ್ತದೆ ಎಂದ.

"ಯಾವ ಕಡೆ ಹೊಲ?" ಎಂದು ಕೇಳಿದರು ನುಮಾಜಿರಿ-ಸಾನ್. ಆಗಲೇ ಎದ್ದು ಬೂಟು ಹುಡುಕುತ್ತಿದ್ದರು.